ಪದ್ಯದ ಲೆಕ್ಕ ಎಲ್ಲಿ ತಪ್ಪುತ್ತದೋ ಅಲ್ಲಿ ನೋಡಿ

ಒಂದು ಪದ್ಯ ಕೊಟ್ಟು "ಇದರ ಪ್ರಾಸ, ಛಂದಸ್ಸು, ಪುನರಾವರ್ತನೆಗಳನ್ನು ವಿವರಿಸಿ" ಅಂದರೆ ಬರುವ ಉತ್ತರಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. "ಕವಿ ಇಲ್ಲಿ ಆದಿಪ್ರಾಸ ಬಳಸಿದ್ದಾರೆ. ಇದರಿಂದ ಪದ್ಯಕ್ಕೆ ಗೇಯತೆ ಬಂದಿದೆ. ಪದಗಳ ಪುನರಾವರ್ತನೆಯಿಂದ ಭಾವ ತೀವ್ರವಾಗಿದೆ." ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಮೂರು ವಾಕ್ಯಗಳನ್ನು ಯಾವ ಪದ್ಯದ ಕೆಳಗೆ ಬರೆದರೂ ನಡೆಯುತ್ತದೆ. ಎಲ್ಲ ಪದ್ಯಕ್ಕೂ ಹೊಂದುವ ಮಾತು ಈ ಪದ್ಯದ ಬಗ್ಗೆ ಏನನ್ನೂ ಹೇಳಿದ ಹಾಗಾಗಲಿಲ್ಲ, ಅಲ್ವಾ?

ಪ್ರಾಸ, ಛಂದಸ್ಸು, ಪುನರಾವರ್ತನೆ ಮೂರೂ ಮಾಡುವ ಕೆಲಸ ಒಂದೇ. ಮುಂದೆ ಏನು ಬರುತ್ತದೆ ಅಂತ ನಮ್ಮ ಕಿವಿ ಕಾಯುವ ಹಾಗೆ ಮಾಡುತ್ತವೆ. ಕಾದದ್ದು ಬಂದಾಗ ಒಂದು ಸುಖ. ಬಾರದೇ ಹೋದಾಗ ಕಿವಿ ಚುರುಕಾಗುತ್ತದೆ. ಅರ್ಥ ಹುಟ್ಟುವುದು ಹೆಚ್ಚಾಗಿ ಈ ಎರಡನೆಯ ಜಾಗದಲ್ಲಿ. ಹಾಗಾಗಿ ವಿನ್ಯಾಸದ ಹೆಸರು ಗುರುತಿಸುವುದು ಅರ್ಧ ಕೆಲಸ ಅಷ್ಟೆ. ಅದು ಎಲ್ಲಿ ಬಾಗಿದೆ, ಎಲ್ಲಿ ಮುರಿದಿದೆ ಅಂತ ಹುಡುಕುವುದು ಉಳಿದರ್ಧ.

ಉದಾಹರಣೆ ಇಲ್ಲದೆ ಇದನ್ನು ವಿವರಿಸಲಿಕ್ಕೆ ಆಗುವುದಿಲ್ಲ. ಈ ಲೇಖನಕ್ಕೆಂದೇ ಕಟ್ಟಿದ ಎಂಟು ಸಾಲು ಇಲ್ಲಿವೆ. ಮಹಾಕಾವ್ಯವೇನಲ್ಲ. ಬಿಚ್ಚಿ ನೋಡಲು ಸಾಕು.

ಬರುತೇನೆ ಎಂದೆ ನೀ ಹೊಳೆ ದಾಟಿ ಹೋಗುತ್ತ
ಇರುಳೆಲ್ಲ ದೀಪವನು ಉರಿಸಿಟ್ಟೆ ಕಿಟಕಿಯಲಿ
ತೆರೆದಿತ್ತು ಬಾಗಿಲೂ, ತೆರೆದಿತ್ತು ಕಿವಿ ಕೂಡ
ಬರಲಿಲ್ಲ ನೀ ಮಾತ್ರ, ಬರಲಿಲ್ಲ

ಹಗಲಾಯ್ತು, ಹೊಳೆಯಲ್ಲಿ ನೀರು ಮೇಲೇರಿತ್ತು
ಹಗುರಾದ ದೋಣಿಯನು ಅಲೆ ತಂದು ನಿಲ್ಲಿಸಿತು
ಹಗಲಲ್ಲೆ ದೀಪಕ್ಕೆ ಎಣ್ಣೆಯನು ಹೊಯ್ದಿಟ್ಟೆ
ಬರುತೇನೆ ಎಂದೆ ನೀ, ಬರುತೇನೆ

ಮೊದಲು ಪೆನ್ನು ಬದಿಗಿಡಿ. ಎರಡು ಸಲ ಜೋರಾಗಿ ಓದಿ. ಅರ್ಥದ ಗೊಡವೆ ಬೇಡ, ಸುಮ್ನೆ ದನಿ ಎಲ್ಲೆಲ್ಲಿ ನಿಲ್ಲುತ್ತದೆ ಅಂತ ಗಮನಿಸಿ. ನಾಲ್ಕನೆಯ ಸಾಲಿನ ಕೊನೆಯಲ್ಲಿ ಏನೋ ಬಾಕಿ ಉಳಿದಂತೆ ಅನಿಸಿದರೆ ನಿಮ್ಮ ಕಿವಿ ಸರಿಯಾಗಿದೆ. ಇನ್ನು ಎಣಿಕೆ ಶುರು ಮಾಡಬಹುದು. ಕಿವಿಗೆ ಅನಿಸಿದ್ದು ಯಾಕೆ ಹಾಗೆ ಅನಿಸಿತು ಅಂತ ತಿಳಿಯುವುದಕ್ಕೇ ಎಣಿಕೆ. ಕಿವಿಗೆ ಏನೂ ಅನಿಸದೆ ಬರೀ ಎಣಿಸುತ್ತಾ ಹೋದರೆ ಕೈಯಲ್ಲಿ ಅಂಕಿಗಳಷ್ಟೇ ಉಳಿಯುತ್ತವೆ.

ಎಣಿಸುವುದಕ್ಕೆ ಪ್ರಸ್ತಾರ ಹಾಕುವುದು ಅಂತ ಹೆಸರು. ನಿಯಮ ಚಿಕ್ಕದು. ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ. ಹ್ರಸ್ವ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘ ಅಕ್ಷರ ಗುರು, ಅದಕ್ಕೆ ಎರಡು ಮಾತ್ರೆ. ಸೊನ್ನೆ ಅಥವಾ ವಿಸರ್ಗ ಇದ್ದರೂ ಗುರು. ಐ, ಔ ಸ್ವರ ಇದ್ದರೂ ಗುರು. ಒತ್ತಕ್ಷರ ಬಂದರೆ ಅದರ ಹಿಂದಿನ ಅಕ್ಷರ ಗುರುವಾಗುತ್ತದೆ. ಜಾಸ್ತಿ ಜನ ಎಡವುವುದು ಇಲ್ಲೇ. 'ಇಲ್ಲ' ಎಂಬಲ್ಲಿ ಗುರು ಆಗುವುದು 'ಇ'. 'ಲ್ಲ' ಲಘುವಾಗಿಯೇ ಉಳಿಯುತ್ತದೆ. ಹಳಗನ್ನಡದಲ್ಲಿ ಶಿಥಿಲದ್ವಿತ್ವ ಅಂತ ಒಂದು ವಿನಾಯಿತಿ ಇದೆ: ಕೆಲವು ಒತ್ತಕ್ಷರಗಳನ್ನು ತೇಲಿಸಿ ಹೇಳುವುದರಿಂದ ಹಿಂದಿನದು ಲಘುವಾಗಿಯೇ ಇರುತ್ತದೆ. ಹೊಸಗನ್ನಡ ಪದ್ಯ ಓದುವವರಿಗೆ ಅದರ ತೊಂದರೆ ಅಷ್ಟಾಗಿ ಇಲ್ಲ.

ಮೊದಲ ಸಾಲನ್ನು ನೋಡೋಣ. ಬ-ರು-ತೇ-ನೆ: ಒಂದು, ಒಂದು, ಎರಡು, ಒಂದು. ಒಟ್ಟು ಐದು. ಎಂ-ದೆ-ನೀ: ಎರಡು, ಒಂದು, ಎರಡು. ಮತ್ತೆ ಐದು. 'ಹೊಳೆ ದಾಟಿ' ಐದು. 'ಹೋಗುತ್ತ' ಐದು. ಅಂದರೆ ಸಾಲಿಗೆ ಐದೈದು ಮಾತ್ರೆಯ ನಾಲ್ಕು ಗುಂಪು, ಅಂದರೆ ಗಣ, ಒಟ್ಟು 20 ಮಾತ್ರೆ. ಇದು ಲಲಿತ ರಗಳೆ ಎಂಬ ಛಂದಸ್ಸಿನ ನಡೆ. 'ಬರುತೇನೆ ಎಂದೆ' ಎಂಬುದನ್ನು ಸಂಧಿ ಮಾಡಿ 'ಬರುತೇನೆಂದೆ' ಅಂತ ಓದಿದರೆ ಮಾತ್ರೆ ಏಳಾಗಿ ಲೆಕ್ಕ ಕೆಡುತ್ತದೆ. ಹಾಗಾಗಿ ಕವಿತೆ ಹೇಗೆ ಅಚ್ಚಾಗಿದೆಯೋ ಹಾಗೇ ಎಣಿಸಬೇಕು.

ಗಣ ಎಷ್ಟು ಮಾತ್ರೆಯದು ಅಂತ ಮೊದಲೇ ಗೊತ್ತಿಲ್ಲದಿದ್ದರೆ ಮೂರು, ನಾಲ್ಕು, ಐದು ಹೀಗೆ ಒಂದೊಂದಾಗಿ ಹಾಕಿ ನೋಡಬೇಕು. ಯಾವುದೂ ಹೊಂದದಿದ್ದರೆ ಮೂರು-ನಾಲ್ಕು ಮೂರು-ನಾಲ್ಕು ಅಂತ ಬೆರೆಸಿ ನೋಡಿ. ಕುಮಾರವ್ಯಾಸ ಭಾರತ ಬರೆದ ಭಾಮಿನಿ ಷಟ್ಪದಿಯ ನಡೆ ಅದೇ. ಅದರಲ್ಲಿ ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆ. ಮೂರು ಮತ್ತು ಆರನೆಯದರಲ್ಲಿ 23: ಮೂರು-ನಾಲ್ಕರ ಜೋಡಿ ಮೂರು ಸಲ, ಕೊನೆಗೊಂದು ಗುರು. ಎರಡು ಚಿಕ್ಕ ಸಾಲು ಓಡಿ, ಮೂರನೆಯದು ಉದ್ದಕ್ಕೆ ಚಾಚಿ ಗುರುವಿನ ಮೇಲೆ ನಿಲ್ಲುತ್ತದೆ. ಕಥೆ ಹೇಳುವುದಕ್ಕೆ ಅದು ಅಷ್ಟು ಒಗ್ಗಿರುವುದು ಈ ಓಟ ಮತ್ತು ನಿಲುಗಡೆಯಿಂದ.

ಎಲ್ಲ ಪದ್ಯವನ್ನೂ ಮಾತ್ರೆಯಲ್ಲಿ ಅಳೆಯಲು ಹೋಗಬೇಡಿ. ಉತ್ಪಲಮಾಲೆ, ಚಂಪಕಮಾಲೆಯಂಥ ವೃತ್ತಗಳು ಅಕ್ಷರಗಣದ ಮೇಲೆ ನಿಂತಿವೆ. ಅಲ್ಲಿ ಮೂರು ಮೂರು ಅಕ್ಷರಕ್ಕೆ ಒಂದು ಗಣ, ಯಾವ ಜಾಗದಲ್ಲಿ ಗುರು ಯಾವ ಜಾಗದಲ್ಲಿ ಲಘು ಅನ್ನುವುದೂ ಮೊದಲೇ ಗೊತ್ತು. ತ್ರಿಪದಿ, ಸಾಂಗತ್ಯಗಳು ಅಂಶಗಣದವು. ಅವು ಹಾಡಿನ ಎಳೆತಕ್ಕೆ ಹಿಗ್ಗುತ್ತವೆ, ಕುಗ್ಗುತ್ತವೆ. ಮಾತ್ರೆಯ ಲೆಕ್ಕಕ್ಕೆ ಒಗ್ಗಲಿಲ್ಲ ಅಂತ ತ್ರಿಪದಿಯನ್ನು ತಪ್ಪು ಅಂದುಬಿಡುವ ಓದುಗರು ಇದ್ದಾರೆ. ಅಳತೆಕೋಲನ್ನೇ ತಪ್ಪಾಗಿ ಆರಿಸಿದರೆ ಪದ್ಯ ಏನು ಮಾಡೀತು?

ಮತ್ತೆ ನಮ್ಮ ಎಂಟು ಸಾಲಿಗೆ ಬರೋಣ. ಪೂರ್ತಿ ಪ್ರಸ್ತಾರ ಹಾಕಿದರೆ ಆರು ಸಾಲುಗಳಲ್ಲಿ 20 ಮಾತ್ರೆ ಸಿಗುತ್ತದೆ. ನಾಲ್ಕು ಮತ್ತು ಎಂಟನೆಯದರಲ್ಲಿ 15 ಮಾತ್ರ. ಒಂದು ಇಡೀ ಗಣ ಇಲ್ಲ. ಓದುವಾಗ ಏನೋ ಬಾಕಿ ಇದೆ ಅನಿಸಿದ್ದು ಇದಕ್ಕೇ. ಮೂರು ಸಾಲಿನ ಉದ್ದಕ್ಕೂ ಕಿವಿಗೆ ನಾಲ್ಕನೆಯ ಗಣ ಅಭ್ಯಾಸವಾಗಿದೆ. ನಾಲ್ಕನೆಯ ಸಾಲಿನಲ್ಲೂ ಅದಕ್ಕಾಗಿ ಕಾಯುತ್ತದೆ, ಅದು ಬರುವುದಿಲ್ಲ. ಸಾಲು ಹೇಳುತ್ತಿರುವುದೂ ಅದನ್ನೇ. ಪದ್ಯದೊಳಗಿನವರು ಕಾದರು, ಯಾರೂ ಬರಲಿಲ್ಲ.

ಇದು ನಿಜವಾಗಿ ಕೆಲಸ ಮಾಡುತ್ತಿದೆಯೋ ಅಥವಾ ನಾವೇ ಕಲ್ಪಿಸಿಕೊಂಡಿದ್ದೋ? ಪರೀಕ್ಷಿಸಲು ಒಂದು ದಾರಿ ಇದೆ. ಖಾಲಿ ಜಾಗ ತುಂಬಿ ಓದಿ: "ಬರಲಿಲ್ಲ ನೀ ಮಾತ್ರ, ಬರಲಿಲ್ಲ ಈವರೆಗೆ." ಮಾತ್ರೆ ಸರಿಹೋಯಿತು, 20. ಅರ್ಥವೂ ಕೆಟ್ಟಿಲ್ಲ. ಆದರೆ ಸಾಲು ಈಗ ಸುದ್ದಿ ಹೇಳುತ್ತಿದೆ. ಮೊದಲು ಇದ್ದ ಕಾಯುವಿಕೆ ಹೋಯಿತು. ಹೀಗೆ ಒಂದನ್ನು ಬದಲಿಸಿ, ಏನು ಕಳೆಯಿತು ಅಂತ ಹೇಳಲು ಆದರೆ ನಿಮ್ಮ ವಿಶ್ಲೇಷಣೆಗೆ ನೆಲೆ ಇದೆ. ಏನೂ ಕಳೆಯಲಿಲ್ಲ ಅಂದರೆ ಆ ಅಂಶವನ್ನು ಬರೆಯದಿರುವುದೇ ಒಳ್ಳೆಯದು.

ಗಣದ ಒಳಗೂ ಇಣುಕಿ ನೋಡಬೇಕು. ಎರಡನೆಯ ಸಾಲು ಮತ್ತು ಏಳನೆಯ ಸಾಲು ಎರಡೂ ದೀಪದ ಬಗ್ಗೆ. ಎರಡಕ್ಕೂ 20 ಮಾತ್ರೆ. ಆದರೆ ಎರಡನೆಯ ಸಾಲಿನಲ್ಲಿ 17 ಅಕ್ಷರ, ಅದರಲ್ಲಿ ಮೂರೇ ಗುರು. ಕೊನೆಯ 'ಕಿಟಕಿಯಲಿ' ಪೂರಾ ಲಘುಗಳೇ. ಏಳನೆಯ ಸಾಲಿನಲ್ಲಿ 14 ಅಕ್ಷರ, ಆರು ಗುರು. ರಾತ್ರಿ ದೀಪ ಹಚ್ಚುವಾಗ ನಾಲಿಗೆ ಹಗುರಾಗಿ ಓಡುತ್ತದೆ. ಹಗಲಿನಲ್ಲಿ ಎಣ್ಣೆ ಹೊಯ್ಯುವಾಗ 'ದೀಪಕ್ಕೆ', 'ಹೊಯ್ದಿಟ್ಟೆ' ಅಂತ ಒತ್ತುಗಳಿಗೆ ತಡೆದು ತಡೆದು ನಡೆಯುತ್ತದೆ. ಕೆಲಸ ಅದೇ, ನಂಬಿಕೆ ಮೊದಲಿನಷ್ಟು ಸಲೀಸಾಗಿಲ್ಲ. ಒಟ್ಟು ಮಾತ್ರೆಯನ್ನು ಮಾತ್ರ ಬರೆದು ಮುಂದೆ ಹೋದವರಿಗೆ ಇದು ಕಾಣುವುದೇ ಇಲ್ಲ.

ಇನ್ನೊಂದು ಜಾಗ ಇದೆ, ಅಲ್ಲಿ ನನಗೆ ಸ್ವಲ್ಪ ಅನುಮಾನ. ಬೇರೆ ಏಳು ಸಾಲುಗಳಲ್ಲಿ ಗಣ ಮುಗಿಯುವ ಕಡೆಯಲ್ಲೇ ಪದವೂ ಮುಗಿಯುತ್ತದೆ. ಐದನೆಯ ಸಾಲಿನಲ್ಲಿ ಮಾತ್ರ 'ನೀರು ಮೇ' ಅಂತ ಗಣ ಮುಗಿದು, 'ಲೇರಿತ್ತು' ಮುಂದಿನ ಗಣಕ್ಕೆ ದಾಟುತ್ತದೆ. ಹೊಳೆಯ ನೀರು ಗಡಿ ಮೀರಿ ಏರಿದ ಹಾಗೆ ಪದವೂ ಗಡಿ ಮೀರಿದೆ ಅನ್ನಬಹುದು. ಕೇಳಲು ಚೆನ್ನಾಗಿದೆ. ಆದರೆ ಗಣ ಪದವನ್ನು ಕತ್ತರಿಸುವುದು ಕನ್ನಡ ಪದ್ಯದಲ್ಲಿ ದಿನಾ ಆಗುವ ಸಂಗತಿ. ಪ್ರತಿ ಸಾಲಿನಲ್ಲೂ ಆಗುತ್ತಿದ್ದರೆ ಇದಕ್ಕೆ ಅರ್ಥ ಹಚ್ಚುವುದು ಅತಿಯಾಗುತ್ತಿತ್ತು. ಇಲ್ಲಿ ಒಂದೇ ಸಲ ಆಗಿದೆ, ಅದೂ ನೀರು ಏರುವ ಪದದಲ್ಲೇ ಆಗಿದೆ ಅನ್ನುವ ಕಾರಣಕ್ಕೆ ಮೆಲುದನಿಯಲ್ಲಿ ಹೇಳಬಹುದು. "ಹೀಗೂ ಕೇಳಿಸುತ್ತದೆ" ಅನ್ನುವಷ್ಟು ಸಾಕು.

ಈಗ ಪ್ರಾಸ. ಪ್ರಾಸ ಅಂದ ತಕ್ಷಣ ಸಾಲಿನ ಕೊನೆ ನೋಡುವ ಅಭ್ಯಾಸ ನಮಗೆಲ್ಲ ಇದೆ. ಆದರೆ ಕನ್ನಡ ಕಾವ್ಯದಲ್ಲಿ ನೂರಾರು ವರ್ಷ ಪ್ರಾಸ ಇದ್ದದ್ದು ಸಾಲಿನ ಮೊದಲಲ್ಲಿ, ಎರಡನೆಯ ಅಕ್ಷರದಲ್ಲಿ. ಆದಿಪ್ರಾಸ ಅಥವಾ ದ್ವಿತೀಯಾಕ್ಷರ ಪ್ರಾಸ ಅಂತ ಅದಕ್ಕೆ ಹೆಸರು. ಎಲ್ಲ ಸಾಲುಗಳ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು, ಸ್ವರ ಬೇರೆ ಇದ್ದರೂ ನಡೆಯುತ್ತದೆ. ಮೊದಲ ಅಕ್ಷರ ಒಂದು ಸಾಲಿನಲ್ಲಿ ಲಘುವಾದರೆ ಎಲ್ಲ ಸಾಲಿನಲ್ಲೂ ಲಘು, ಗುರುವಾದರೆ ಎಲ್ಲದರಲ್ಲೂ ಗುರು. ಮೊದಲ ಅಕ್ಷರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜ, ಸೊನ್ನೆ ಬಂದರೆ ವೃಷಭ, ಹೀಗೆ ಆರು ಪ್ರಾಣಿಗಳ ಹೆಸರಿನಲ್ಲಿ ಆರು ಬಗೆ ಹೇಳುತ್ತಾರೆ. ಉಳಿದ ಮೂರು ಅಜ, ಶರಭ ಮತ್ತು ಹಯ.

ನಮ್ಮ ಮೊದಲ ನಾಲ್ಕು ಸಾಲು: ಬರು, ಇರು, ತೆರೆ, ಬರ. ಎಲ್ಲದರಲ್ಲೂ 'ರ'ಕಾರ, ಮೊದಲ ಅಕ್ಷರ ಲಘು. ಸಿಂಹಪ್ರಾಸ ಸರಿಯಾಗಿ ಕೂತಿದೆ. ಎರಡನೆಯ ಭಾಗದಲ್ಲಿ ಪ್ರಾಸ ಬದಲಾಗುತ್ತದೆ: ಹಗ, ಹಗು, ಹಗ. ಈಗ 'ಗ'ಕಾರ. ಎಂಟನೆಯ ಸಾಲಿಗೆ ಕಿವಿ ಇನ್ನೊಂದು 'ಗ'ಕಾರಕ್ಕೆ ಕಾಯುತ್ತದೆ. ಬರುವುದು 'ಬರು'. ಪ್ರಾಸ ಮುರಿಯಿತು. ಮುರಿದದ್ದಷ್ಟೇ ಅಲ್ಲ, ಮೊದಲ ಭಾಗದ ಪ್ರಾಸಕ್ಕೆ ವಾಪಸ್ ಹೋಯಿತು. ಹಗಲು ಬಂದರೂ, ಖಾಲಿ ದೋಣಿ ದಡಕ್ಕೆ ಬಂದು ನಿಂತರೂ, ಹೇಳುತ್ತಿರುವವರ ಮನಸ್ಸು ಮೊದಲ ಸಾಲಿನ ಹತ್ತಿರವೇ ಇದೆ. "ನಗುತ ನೀ ಎಂದ ನುಡಿ: ಬರುತೇನೆ" ಅಂತ ಬರೆದಿದ್ದರೆ 'ಗ'ಕಾರದ ಪ್ರಾಸ ಉಳಿಯುತ್ತಿತ್ತು, ಮಾತ್ರೆಯೂ ಅಷ್ಟೇ 15 ಆಗುತ್ತಿತ್ತು. ಆದರೆ ಹಗಲಿನ ಸಾಲುಗಳ ಜೊತೆ ಅದೂ ಸಲೀಸಾಗಿ ಸೇರಿಹೋಗುತ್ತಿತ್ತು.

ಪ್ರಾಸದ ಬಗ್ಗೆ ಬರೆಯುವಾಗ ಕವಿತೆ ಯಾವ ಕಾಲದ್ದು ಅನ್ನುವುದನ್ನು ಮರೆಯಬಾರದು. ಛಂದಸ್ಸಿನ ಬಗ್ಗೆ ನಾಗವರ್ಮ ಬರೆದ ಗ್ರಂಥ ಛಂದೋಂಬುಧಿ ಹತ್ತನೆಯ ಶತಮಾನದ್ದು. ಆ ಕಾಲದಿಂದ ಬಹಳ ಮುಂದಕ್ಕೂ ಆದಿಪ್ರಾಸ ಕವಿಗೆ ಹೆಚ್ಚುಕಮ್ಮಿ ಕಡ್ಡಾಯ. ಹಾಗಿರುವಾಗ ಹಳೆಯ ಕಾವ್ಯದ ಪದ್ಯವೊಂದರಲ್ಲಿ "ಕವಿ ಆದಿಪ್ರಾಸ ಬಳಸಿದ್ದಾರೆ" ಅಂದರೆ ಹೊಸದೇನು ಹೇಳಿದಂತಾಯಿತು? ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಪ್ರಾಸಕ್ಕಾಗಿ ಕವಿ ಯಾವ ಪದ ತರಬೇಕಾಯಿತು, ಆ ಪದ ಅರ್ಥಕ್ಕೂ ದುಡಿಯಿತೋ ಅಥವಾ ಸುಮ್ನೆ ಜಾಗ ತುಂಬಿತೋ? ಎಂ. ಗೋವಿಂದ ಪೈ 1911ರ ಸುಮಾರಿಗೆ ಈ ಪ್ರಾಸದ ಕಟ್ಟನ್ನು ಬಿಟ್ಟು ಬರೆಯಲು ಶುರು ಮಾಡಿದರು, ಆಗ ಅದಕ್ಕೆ ವಿರೋಧವೂ ಇತ್ತು. ಆಮೇಲೆ ನವೋದಯದ ಕವಿಗಳಿಗೆ ಪ್ರಾಸ ಒಂದು ಆಯ್ಕೆಯಾಯಿತು. ಬಿಡಬಹುದಾಗಿದ್ದರೂ ಇಟ್ಟುಕೊಂಡಿದ್ದಾರೆ ಅಂದಮೇಲೆ ಯಾಕೆ ಅಂತ ಕೇಳುವುದು ನ್ಯಾಯ.

ಅಂತ್ಯಪ್ರಾಸಕ್ಕೆ ಕನ್ನಡದಲ್ಲಿ ಒಂದು ಅಪಾಯ ಇದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಬಂದಿತು, ಹೋಯಿತು, ನಿಂತಿತು: ಪ್ರತ್ಯಯಗಳು ತಾವಾಗಿಯೇ ಪ್ರಾಸ ಮಾಡಿಬಿಡುತ್ತವೆ. ಇದರಲ್ಲಿ ಕವಿಯ ಶ್ರಮ ಕಡಿಮೆ, ವ್ಯಾಕರಣದ ಕೊಡುಗೆಯೇ ಜಾಸ್ತಿ. ನಮ್ಮ ಐದು, ಆರನೆಯ ಸಾಲುಗಳ 'ಮೇಲೇರಿತ್ತು', 'ನಿಲ್ಲಿಸಿತು' ಇಂಥವೇ. ಅದನ್ನು ಅಂತ್ಯಪ್ರಾಸ ಅಂತ ಹೆಮ್ಮೆಯಿಂದ ಗುರುತಿಸುವ ಅಗತ್ಯ ಇಲ್ಲ. ಎರಡು ಬೇರೆ ಜಾತಿಯ ಪದಗಳು, ಉದಾಹರಣೆಗೆ ಒಂದು ನಾಮಪದ ಮತ್ತು ಒಂದು ಕ್ರಿಯಾಪದ, ಕೊನೆಯಲ್ಲಿ ಹೊಂದಿಕೊಂಡರೆ ಆಗ ನಿಂತು ನೋಡಿ. ಪ್ರಾಸ ಎರಡು ಪದಗಳನ್ನು ಅಕ್ಕಪಕ್ಕ ಕೂರಿಸುತ್ತದೆ. ಅವುಗಳ ನಡುವೆ ನೆಂಟಸ್ತಿಕೆ ಇದೆಯೋ ಜಗಳ ಇದೆಯೋ ಅನ್ನುವುದು ಮುಖ್ಯ.

ಪುನರಾವರ್ತನೆ ಕಣ್ಣಿಗೆ ಬೇಗ ಬೀಳುತ್ತದೆ. ಅದಕ್ಕೇ ಅದರ ಬಗ್ಗೆ ಅವಸರದ ಮಾತುಗಳೂ ಜಾಸ್ತಿ. ಕೇಳಬೇಕಾದ ಪ್ರಶ್ನೆ ಒಂದೇ: ಎರಡನೆಯ ಸಲ ಬಂದಾಗ ಅದು ಮೊದಲಿನದೇ ಆಗಿ ಉಳಿದಿದೆಯೇ?

ಮೂರನೆಯ ಸಾಲಿನ 'ತೆರೆದಿತ್ತು' ನೋಡಿ. ಬಾಗಿಲು ತೆರೆದಿತ್ತು ಅನ್ನುವುದು ಮಾಮೂಲಿ ಮಾತು. ಅದೇ ಪದ ತಕ್ಷಣ ಕಿವಿಗೆ ಅಂಟಿದಾಗ, ಸದಾ ತೆರೆದೇ ಇರುವ ಕಿವಿ ಹೆಜ್ಜೆ ಸದ್ದಿಗಾಗಿ ಕಾಯುತ್ತಿದೆ ಅಂತ ಹೊಳೆಯುತ್ತದೆ. ಪದ ಅದೇ, ಕೆಲಸ ಬೇರೆ. 'ದೀಪ', 'ಹೊಳೆ' ಎರಡೂ ಭಾಗದಲ್ಲಿ ಬರುತ್ತವೆ. ಮೊದಲ ಸಲ ಹೊಳೆ ದಾಟಿಹೋಗುವ ದಾರಿ, ಎರಡನೆಯ ಸಲ ಅಡ್ಡ ನಿಂತ ನೀರು.

ಪದ ಮಾತ್ರ ಪುನರಾವರ್ತನೆ ಆಗಬೇಕು ಅಂತೇನೂ ಇಲ್ಲ. ಎಂಟೂ ಸಾಲುಗಳ ಮೊದಲ ಗಣ ನೋಡಿ: ಬರುತೇನೆ, ಇರುಳೆಲ್ಲ, ತೆರೆದಿತ್ತು, ಬರಲಿಲ್ಲ, ಹಗಲಾಯ್ತು, ಹಗುರಾದ, ಹಗಲಲ್ಲೆ, ಬರುತೇನೆ. ಎಲ್ಲವೂ ಲಘು, ಲಘು, ಗುರು, ಲಘು. ಇಡೀ ಪದ್ಯದ 30 ಗಣಗಳಲ್ಲಿ 16 ಇದೇ ಅಚ್ಚಿನವು. 'ಬರುತೇನೆ' ಎಂಬ ಮಾತಿನ ಲಯ ಆ ಪದ ಇಲ್ಲದ ಕಡೆಯೂ ಬಡಿಯುತ್ತಲೇ ಇದೆ. 'ಬರುತೇನೆ' ಮತ್ತು 'ಬರಲಿಲ್ಲ' ಎರಡಕ್ಕೂ ಅಚ್ಚು ಒಂದೇ, ಮೊದಲಕ್ಷರ ಒಂದೇ, ಪ್ರಾಸ ಒಂದೇ. ಕೊಟ್ಟ ಮಾತು, ತಪ್ಪಿದ ಮಾತು ಕಿವಿಗೆ ಒಂದೇ ತೂಕ. ಪದ್ಯ ಇವೆರಡನ್ನು ಒಂದರ ಜಾಗದಲ್ಲಿ ಇನ್ನೊಂದು ಕೂರುವ ಹಾಗೆ ಇಟ್ಟಿದೆ: ನಾಲ್ಕನೆಯ ಸಾಲಿನಲ್ಲಿ 'ಬರಲಿಲ್ಲ' ಕೂತ ಒಂದನೆಯ ಮತ್ತು ಮೂರನೆಯ ಗಣಗಳಲ್ಲೇ ಎಂಟನೆಯ ಸಾಲಿನಲ್ಲಿ 'ಬರುತೇನೆ' ಕೂತಿದೆ.

ಆ ಕೊನೆಯ 'ಬರುತೇನೆ' ಯಾರ ಮಾತು? ಹೋದವರು ಅಂದದ್ದನ್ನು ಉಳಿದವರು ನೆನೆಯುತ್ತಿರಬಹುದು. ಅಥವಾ ಉಳಿದವರು, ಏರಿದ ಹೊಳೆಯ ಮುಂದೆ ನಿಂತು, ತಾವೇ ಹೊರಟುಬಿಡುವ ಮಾತು ಆಡುತ್ತಿರಬಹುದು. ಎರಡನ್ನೂ ಪದ್ಯ ತೆರೆದಿಟ್ಟಿದೆ. ಒಂದೇ ಉತ್ತರ ಬೇಕು ಅನ್ನುವ ಹಟ ಬಿಟ್ಟು ಎರಡನ್ನೂ ಬರೆಯಿರಿ. ಆದರೆ ಕಾರಣ ಕೊಟ್ಟು ಬರೆಯಿರಿ: ಮೊದಲ ಅರ್ಥಕ್ಕೆ ಮೊದಲ ಸಾಲಿನ ನೆನಪು ಆಧಾರ, ಎರಡನೆಯದಕ್ಕೆ 'ಎಂದೆ ನೀ' ಆದಮೇಲಿನ ಅಲ್ಪವಿರಾಮ ಮತ್ತು ಖಾಲಿ ಬಿಟ್ಟ ಗಣ.

ಬರೆಯುವಾಗ ಇವನ್ನೆಲ್ಲ ಮೂರು ಬೇರೆ ಬೇರೆ ಶೀರ್ಷಿಕೆಗಳ ಕೆಳಗೆ ಹಂಚಬೇಕು ಅಂತೇನಿಲ್ಲ. ನಾನಾದರೆ ಎಂಟನೆಯ ಸಾಲಿನಿಂದ ಶುರು ಮಾಡುತ್ತೇನೆ. ಯಾಕಂದರೆ ಪ್ರಾಸ ಮುರಿಯುವುದು, ಗಣ ತಪ್ಪುವುದು, ಮೊದಲ ಸಾಲಿನ ಮಾತು ಮರಳುವುದು ಮೂರೂ ಅಲ್ಲಿಯೇ ಕೂಡುತ್ತವೆ. ಮೂರು ಬಗೆಯ ವಿನ್ಯಾಸ ಒಂದೇ ಜಾಗದಲ್ಲಿ ಅಲುಗಿದರೆ ಆ ಜಾಗ ಮುಖ್ಯ ಅಂತ ಲೆಕ್ಕ.

ಛಂದಸ್ಸೇ ಇಲ್ಲದ ಕವಿತೆ ಸಿಕ್ಕಿದರೆ? ಆಗ ಪ್ರಸ್ತಾರ ಹಾಕಿ ಪ್ರಯೋಜನ ಇಲ್ಲ, ಪುನರಾವರ್ತನೆಯೇ ಬೆನ್ನೆಲುಬು. ವಚನಗಳಲ್ಲಿ ಒಂದೇ ಅಚ್ಚಿನ ವಾಕ್ಯಗಳು ಸಾಲಾಗಿ ಬರುತ್ತವೆ, ಕೊನೆಗೆ ಅಂಕಿತ ಬರುತ್ತದೆ. ಬಸವಣ್ಣನವರಲ್ಲಿ ಕೂಡಲಸಂಗಮದೇವ, ಅಲ್ಲಮನಲ್ಲಿ ಗುಹೇಶ್ವರ. ಅಂಕಿತವನ್ನು ಸಹಿ ಅಂತ ಬರೆದು ಮುಂದೆ ಹೋಗಬೇಡಿ. ಈ ವಚನದಲ್ಲಿ ಅದು ಮೊರೆಯೋ, ಸಾಕ್ಷಿಗೆ ಕರೆದದ್ದೋ, ಜಗಳಕ್ಕೆ ಕರೆದದ್ದೋ ನೋಡಿ. ಹೆಸರು ಅದೇ ಇದ್ದರೂ ದನಿ ಪ್ರತಿ ಸಲವೂ ಬೇರೆ. ಹೊಸ ಕಾಲದ ಮುಕ್ತ ಕವಿತೆಗಳಲ್ಲಿ ಪ್ರತಿ ಸಾಲಿನ ಮೊದಲ ಪದಕ್ಕೆ ಮಾತ್ರ ಗೆರೆ ಎಳೆದು ನೋಡಿ. ನಾಲ್ಕೈದು ಸಾಲು ಒಂದೇ ಪದದಿಂದ ಶುರುವಾಗಿ ಆರನೆಯದು ಬೇರೆ ಪದದಿಂದ ಶುರುವಾದರೆ, ಓದನ್ನು ಆ ಆರನೆಯ ಸಾಲಿನಿಂದ ಹಿಡಿಯಿರಿ.